ಎಣ್ಣೆ, ಸೀಗೆಕಾಯಿ ಮತ್ತು ಜೀವಕೋಶ

ತರಗತಿಯಲ್ಲಿ ನುಡಿಗಟ್ಟುಗಳನ್ನು ವಿವರಿಸುತ್ತಿದ್ದಾಗ ಮುಂಬಯಿಯಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿನಿಯೊಬ್ಬಳು, 'ಎಣ್ಣೆ ಸೀಗೆಕಾಯಿ ಸಂಬಂಧ' ಎಂದರೆ ಹಗೆತನವೆಂದು ಏಕೆ ಅರ್ಥವಾಗಬೇಕು ಎಂದು ಕೇಳಿದಳು. ಎಣ್ಣೆಯನ್ನು ಸೀಗೆ ಉಳಿಯಗೊಡುವುದಿಲ್ಲ, ಆದುದರಿಂದ ಅವು ವೈರಿಗಳು ಎಂದು ಹೇಳಿ ಮುಂದೆ ಸಾಗಿದೆ. ಎಣ್ಣೆನೀರಿನ ಸ್ನಾನವನ್ನೇ ಕಾಣದ ತಲೆಮಾರಿಗೆ ಅಷ್ಟು ಸಾಕೆಂದು ನನ್ನ ಎಣಿಕೆಯಾಗಿತ್ತು. ಆ ಉತ್ತರ ಅರ್ಧಸತ್ಯವೆಂದು ತಿಳಿದದ್ದು ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರೊಡನೆ ಮಾತನಾಡಿದ ಮೇಲೆ. ಅಷ್ಟರಲ್ಲಿ ಅವಳು ಪದವಿ ಮುಗಿಸಿ ಹೋಗಿದ್ದಳು. ಎಣ್ಣೆಯೊಡನೆ ಬೆರೆಯದಿರುವುದು ನೀರು. ಸೀಗೆಯಾದರೋ ಅವೆರಡರ ನಡುವಣ ಸಂಧಾನಕಾರ. ಇಂತಹುದೇ ಸಂಧಾನದ ಮೇಲೆ ಜೀವಕೋಶವೂ ನಿಂತಿದೆಯೆಂಬುದು ನನಗೆ ಹೊಸ ಸಂಗತಿಯಾಗಿತ್ತು.

ಮೊದಲು ಪದಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಪರಮಾಣುಗಳು ಕೂಡಿ ಆದುದು ಅಣು. 'ಅಣುಬಾಂಬ್' ಎಂಬ ಪತ್ರಿಕಾ ಪ್ರಯೋಗ ಈ ಭೇದವನ್ನು ಅಳಿಸಿಹಾಕಿದೆ. ಎಲ್ಲ ಆಮ್ಲಗಳಿಗೂ ಒಂದೇ ಅನಿಲ ಮೂಲವೆಂದು 18ನೆಯ ಶತಮಾನದಲ್ಲಿ ಲೆವಾಸಿಯೆ ತಪ್ಪಾಗಿ ಭಾವಿಸಿ ಗ್ರೀಕ್ ಧಾತುಗಳಿಂದ ಕಟ್ಟಿದ ಹೆಸರಿನ ಅನುವಾದವೇ ನಮ್ಮ 'ಆಮ್ಲಜನಕ'. ಅವನ ತಪ್ಪು ಕನ್ನಡಕ್ಕೂ ಇಳಿದು ಬಂದಿದೆ. 'ಜಲಜನಕ' ಮಾತ್ರ ಅನ್ವರ್ಥನಾಮ.

ನೀರಿನ ಅಣುವಿನಲ್ಲಿ ಎರಡು ಜಲಜನಕ, ಒಂದು ಆಮ್ಲಜನಕ. ಇವು ನೇರ ಸಾಲಿನಲ್ಲಿಲ್ಲ, ಸುಮಾರು 104.5 ಡಿಗ್ರಿಯ ಕೋನದಲ್ಲಿ ಬಾಗಿ ನಿಂತಿವೆ. ಎಲೆಕ್ಟ್ರಾನುಗಳನ್ನು ಆಮ್ಲಜನಕ ತನ್ನತ್ತ ಹೆಚ್ಚಾಗಿ ಸೆಳೆಯುವುದರಿಂದ ಆ ಬದಿ ತುಸು ಋಣ, ಜಲಜನಕದ ಬದಿ ತುಸು ಧನ. ಹೀಗಾಗಿ ಒಂದು ಅಣುವಿನ ಜಲಜನಕ ನೆರೆಯ ಅಣುವಿನ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ. ಇದೇ ಜಲಜನಕ ಬಂಧ. ಇದರ ಆಯುಸ್ಸು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಆಸುಪಾಸು. ಆದರೆ ಒಂದು ಕಡಿದೊಡನೆ ಇನ್ನೊಂದು ಕೂಡುತ್ತದೆ. ನೀರಿಗಿಂತ ಭಾರವಾದ ಅಣುವುಳ್ಳ ಹೈಡ್ರೋಜನ್ ಸಲ್ಫೈಡ್ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ನೀರು 100 ಡಿಗ್ರಿಯವರೆಗೆ ದ್ರವವಾಗಿ ಉಳಿಯುವುದು ಈ ಬಂಧದ ಬಲದಿಂದ. ಬೆವರಿನ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಒಯ್ಯುತ್ತದೆ. ಕಲಬುರಗಿಯ ಒಣ ಬಿಸಿಲಿನಲ್ಲಿ ಈ ಉಪಾಯ ನಡೆಯುತ್ತದೆ. ಮುಂಬಯಿಯ ಗಾಳಿಯಲ್ಲಿ ಮೊದಲೇ ಆವಿ ತುಂಬಿರುವುದರಿಂದ ಬೆವರು ಆರದೆ ಮೈಮೇಲೇ ನಿಲ್ಲುತ್ತದೆ.

ಎಣ್ಣೆಯ ಅಣುವಿನಲ್ಲಿ ಇಂತಹ ಧನ-ಋಣ ಭೇದ ಬಹುಮಟ್ಟಿಗೆ ಇಲ್ಲ. ಅದನ್ನು ಸುತ್ತುವರಿದ ನೀರಿನ ಅಣುಗಳು ತಮ್ಮ ಪರಸ್ಪರ ಬಂಧಗಳನ್ನು ಉಳಿಸಿಕೊಳ್ಳಲು ಇಕ್ಕಟ್ಟಿನ ಜೋಡಣೆಗೆ ಒಳಗಾಗಬೇಕು. ಎಣ್ಣೆ ಒಂದೆಡೆ ಕಲೆತರೆ ಅಂತಹ ಇಕ್ಕಟ್ಟಿಗೆ ಸಿಲುಕುವ ನೀರು ಕಡಮೆ. ಅಂದರೆ ಎಣ್ಣೆಗೆ ನೀರಿನ ಮೇಲೆ ಭಯವಾಗಲಿ ದ್ವೇಷವಾಗಲಿ ಇಲ್ಲ. ನೀರಿಗೆ ನೀರಿನ ನಂಟು ದೊಡ್ಡದು. ಆದುದರಿಂದ ಇಂತಹ ಅಣುಗಳನ್ನು 'ಜಲಭೀತ' ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಜಲಭೀತಿ ಹುಚ್ಚುನಾಯಿ ಕಡಿತದ ರೋಗಲಕ್ಷಣ. 'ಜಲವಿಮುಖ' ಎಂದರೆ ಸಾಕು.

ಸೀಗೆಯಲ್ಲಿರುವ ಸಪೋನಿನ್ ಅಣುವಿನ ಒಂದು ಭಾಗ ಸಕ್ಕರೆಯ ಜಾತಿಯದು, ಜಲಸ್ನೇಹಿ. ಇನ್ನೊಂದು ಭಾಗ ಜಲವಿಮುಖ. ಒಂದು ಕೈಯಿಂದ ಎಣ್ಣೆಯನ್ನು, ಇನ್ನೊಂದರಿಂದ ನೀರನ್ನು ಹಿಡಿದು ಅದು ಜಿಡ್ಡನ್ನು ತಲೆಯಿಂದ ಇಳಿಸುತ್ತದೆ. ಜೀವಕೋಶದ ಪೊರೆಯ ಫಾಸ್ಫೋಲಿಪಿಡ್ ಅಣುಗಳದೂ ಇದೇ ಇಬ್ಬಗೆಯ ಸ್ವಭಾವ. ಅವು ಜಲಸ್ನೇಹಿ ತಲೆಗಳನ್ನು ಹೊರಕ್ಕೂ ಜಲವಿಮುಖ ಬಾಲಗಳನ್ನು ಒಳಕ್ಕೂ ಮಾಡಿ ಎರಡು ಪದರಗಳಾಗಿ ನಿಲ್ಲುತ್ತವೆ. ಗಾರೆಯಿಲ್ಲ, ಮೊಳೆಯಿಲ್ಲ, ಸುತ್ತಣ ನೀರೇ ಅವನ್ನು ಒತ್ತಟ್ಟಿಗೆ ಹಿಡಿದಿದೆ. ಕೊರೋನಾ ವೈರಾಣುವಿನ ಹೊದಿಕೆಯೂ ಇಂತಹ ಪೊರೆಯೇ. ಸಾಬೂನಿನ ಅಣುಗಳು ಅದರೊಳಗೆ ನುಗ್ಗಿ ಅದನ್ನು ಒಡೆಯುವುದರಿಂದಲೇ 2020ರಲ್ಲಿ ಕೈತೊಳೆಯುವಿಕೆಗೆ ಅಷ್ಟು ಮಹತ್ವ ಬಂದಿತು.

ಪ್ರೋಟೀನುಗಳೂ ನೀರಿನ ಅಂಕೆಯಲ್ಲಿವೆ. ಬಹುತೇಕ ಪ್ರೋಟೀನುಗಳ ಸರಪಳಿ, ಜಲವಿಮುಖ ಅಂಗಗಳನ್ನು ಒಳಗಿರಿಸಿ ಮಡಚಿಕೊಳ್ಳುತ್ತದೆ. ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್‌ನ ಬಗೆ ಬೇರೆ. ಮೂರು ಎಳೆಗಳನ್ನು ಹೊಸೆದ ಹಗ್ಗದಂತಿರುವ ಅದರ ರಚನೆಯನ್ನು 1954-55ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಮುಂದಿಟ್ಟರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು. ಈ ಹಗ್ಗವನ್ನು ನೀರಿನ ಅಣುಗಳು ಜಾಲದಂತೆ ಸುತ್ತುವರಿದಿರುವುದು 1994ರಲ್ಲಿ ಸ್ಫಟಿಕ ಅಧ್ಯಯನದಿಂದ ಸ್ಪಷ್ಟವಾಯಿತು.

ನಮ್ಮ ತಮಟೆಯ ಚರ್ಮದ ಮುಖ್ಯ ಪ್ರೋಟೀನೂ ಕೊಲಾಜೆನ್ನೇ. ತೇವದ ಗಾಳಿಯಲ್ಲಿ ಅದು ನೀರನ್ನು ಹೀರಿ ಸಡಿಲಗೊಳ್ಳುತ್ತದೆ, ದನಿ ಕುಗ್ಗುತ್ತದೆ. ಬಾರಿಸುವವರು ಹುಲ್ಲಿನ ಉರಿಗೆ ಹಿಡಿದು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ನಾದ ಬಿಗಿಯಾಯಿತೆಂದು ತೋರಿದ ಮೇಲೆಯೇ ಮೆರವಣಿಗೆಯ ಮುಂದೆ ನಿಲ್ಲುತ್ತಾರೆ.