ಮೋಟಾರು ಸೈಕಲ್ಲಿನ ಎಂಜಿನ್ ಎಣ್ಣೆ: ಯಾವುದು, ಎಷ್ಟು, ಯಾವಾಗ?

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಮೋಟಾರು ಸೈಕಲ್ ಇಂದು ಕೇವಲ ಸವಾರಿಯ ವಾಹನವಲ್ಲ, ಬೇಸಾಯದ ಸಲಕರಣೆಯೂ ಹೌದು. ಡೇರಿಗೆ ಹಾಲಿನ ಕ್ಯಾನು, ತೆರಕಣಾಂಬಿಯ ಮಾರುಕಟ್ಟೆಗೆ ತರಕಾರಿ ಚೀಲ, ಪೇಟೆಯಿಂದ ಹೊಲಕ್ಕೆ ಗೊಬ್ಬರದ ಮೂಟೆ, ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ಹೊಲದ ದಾರಿಯ ಕೆಂಪು ಧೂಳು, ಹೊರೆ ಹೊತ್ತು ಒಂದನೆಯ, ಎರಡನೆಯ ಗೇರಿನಲ್ಲಿ ಓಡುವ ಓಟ, ಇವೆರಡೂ ಎಂಜಿನ್ನಿಗೆ ಹೆಚ್ಚಿನ ಶ್ರಮ ಕೊಡುತ್ತವೆ. ಆದರೂ ಹಲವು ಮನೆಗಳಲ್ಲಿ ವಾಹನಕ್ಕೆ ಆರೈಕೆ ಸಿಗುವುದು ವರ್ಷಕ್ಕೊಮ್ಮೆ, ಆಯುಧ ಪೂಜೆಯ ಸಮಯದಲ್ಲಿ ಮಾತ್ರ.

ಎಣ್ಣೆಯ ಖರ್ಚು ನೂರರ ಲೆಕ್ಕ. ಎಂಜಿನ್ ಕಟ್ಟಿ ಬೋರು ಮಾಡಿಸಿ ಪಿಸ್ಟನ್ ಬದಲಾಯಿಸುವ ಖರ್ಚು ಸಾವಿರಗಳ ಲೆಕ್ಕ. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಬಂಡೀಪುರದ ಕಾಡಿನೊಳಗೆ ಎಂಜಿನ್ ಹಿಡಿದುಕೊಂಡರೆ ಹಣದ ಮಾತು ಹಾಗಿರಲಿ, ಆನೆಯ ಭಯವೇ ದೊಡ್ಡದು. 2009 ರಿಂದ ಆ ದಾರಿಯಲ್ಲಿ ರಾತ್ರಿ 9 ರಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಸಂಜೆಯ ಹೊತ್ತಿನಲ್ಲಿ ಕೆಟ್ಟು ನಿಂತವರ ಪಾಡು ಇನ್ನೂ ಕಷ್ಟ.

ಎಣ್ಣೆ ಮಾಡುವ ಕೆಲಸ

ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಗೇರು ಪೆಟ್ಟಿಗೆಗೆ ಬೇರೊಂದು ಎಣ್ಣೆ. ನಾಲ್ಕು ಸ್ಟ್ರೋಕಿನ ಸಾಮಾನ್ಯ ಮೋಟಾರು ಸೈಕಲ್ಲಿನಲ್ಲಿ ಹಾಗಲ್ಲ. ಎಂಜಿನ್, ಕ್ಲಚ್ ಮತ್ತು ಗೇರು ಮೂರಕ್ಕೂ ಒಂದೇ ಎಣ್ಣೆ. ಅದು ಉಜ್ಜುವ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುತ್ತದೆ, ಶಾಖವನ್ನು ಹೊರಕ್ಕೆ ಸಾಗಿಸುತ್ತದೆ, ಮಸಿಯನ್ನು ತೊಳೆಯುತ್ತದೆ. ಇಷ್ಟು ಕೆಲಸಕ್ಕೆ 100 ಸಿಸಿ ವಾಹನದಲ್ಲಿ ಇರುವುದು ಸುಮಾರು ಒಂದು ಲೀಟರು ಎಣ್ಣೆ ಮಾತ್ರ. ಅದರಲ್ಲಿ 200 ಮಿಲಿ ಕಡಿಮೆಯಾದರೂ ಐದರಲ್ಲಿ ಒಂದು ಪಾಲು ಹೋದಂತಾಯಿತು.

ಎರಡು ಸ್ಟ್ರೋಕೋ, ನಾಲ್ಕು ಸ್ಟ್ರೋಕೋ?

ಮೊದಲು ತಿಳಿಯಬೇಕಾದದ್ದು ಇದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960 ರ ದಶಕದಿಂದ 1996 ರವರೆಗೆ ತಯಾರಾದ ಜಾವಾ, ಯೆಜ್ಡಿ ವಾಹನಗಳು ಎರಡು ಸ್ಟ್ರೋಕಿನವು. ಟಿವಿಎಸ್ ಎಕ್ಸ್‌ಎಲ್ ಸೂಪರ್ ಮೊಪೆಡ್ಡೂ ಹಾಗೆಯೇ. ಇವುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಅದು ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಗೇರು ಪೆಟ್ಟಿಗೆ ಇರುವ ವಾಹನದಲ್ಲಿ ಅದಕ್ಕೆ ಪ್ರತ್ಯೇಕ ಎಣ್ಣೆ. ಬೆರೆಸುವ ಪ್ರಮಾಣ ಶೇಕಡ 2 ಎಂದರೆ ಲೀಟರಿಗೆ 20 ಮಿಲಿ, ಶೇಕಡ 4 ಎಂದರೆ 40 ಮಿಲಿ.

1985 ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಮತ್ತು ಆ ಬಳಿಕದ ಸ್ಪ್ಲೆಂಡರ್ ಮುಂತಾದವು ನಾಲ್ಕು ಸ್ಟ್ರೋಕಿನವು. 2015 ರಲ್ಲಿ ಬಂದ ಟಿವಿಎಸ್ ಎಕ್ಸ್‌ಎಲ್ 100 ಕೂಡ ನಾಲ್ಕು ಸ್ಟ್ರೋಕಿನದೇ. ಇವುಗಳ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು. ಎಣ್ಣೆ ಎಂಜಿನ್ನಿನ ತಳದಲ್ಲೇ ಇರುತ್ತದೆ. ಎಕ್ಸ್‌ಎಲ್ ಎಂಬ ಹೆಸರು ಒಂದೇ ಆದ್ದರಿಂದ ಎರಡು ಬಗೆಯನ್ನೂ ಒಂದೇ ಎಂದು ತಿಳಿದು ಮೋಸಹೋಗಬಾರದು. ಡಬ್ಬಿಯ ಮೇಲೆ 2ಟಿ ಎಂದಿದ್ದರೆ ಎರಡು ಸ್ಟ್ರೋಕಿಗೆ, 4ಟಿ ಎಂದಿದ್ದರೆ ನಾಲ್ಕು ಸ್ಟ್ರೋಕಿಗೆ ಎಂದು ತಿಳಿಯಬೇಕು.

ಡಬ್ಬಿಯ ಮೇಲಿನ ಬರಹ

10ಡಬ್ಲ್ಯು-30, 20ಡಬ್ಲ್ಯು-50 ಎಂಬವು ಎಣ್ಣೆಯ ಮಂದತನದ ಗುರುತುಗಳು. ಡಬ್ಲ್ಯು ಅಕ್ಷರದೊಡನಿರುವ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನು, ಕೊನೆಯ ಅಂಕಿ ಎಂಜಿನ್ ಕಾದಾಗ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನು ತಿಳಿಸುತ್ತವೆ. ಸ್ಪ್ಲೆಂಡರಿಗೆ 10ಡಬ್ಲ್ಯು-30 ಸಾಮಾನ್ಯ. ಬಜಾಜ್ ಪಲ್ಸರಿನಂಥ ಅನೇಕ ವಾಹನಗಳಿಗೆ 20ಡಬ್ಲ್ಯು-50. ನಮ್ಮದು ಬಿಸಿಲ ಸೀಮೆ, ಮಂದ ಎಣ್ಣೆಯೇ ಮೇಲು ಎಂಬ ಮಾತು ಸರಿಯಲ್ಲ. ತೆಳು ಎಣ್ಣೆಗೆಂದೇ ಕೊರೆದ ಸಣ್ಣ ರಂಧ್ರಗಳಲ್ಲಿ ಮಂದ ಎಣ್ಣೆ ನಿಧಾನವಾಗಿ ಏರುತ್ತದೆ. ಬೆಳಗಿನ ಹೊತ್ತು ಎಂಜಿನ್ ಚಾಲೂ ಮಾಡಿದಾಗ ಮೇಲಿನ ಭಾಗಗಳು ಅಷ್ಟು ಹೊತ್ತು ಒಣಗಿ ಉಜ್ಜುತ್ತವೆ.

ಇನ್ನೊಂದು ಗುರುತು ಜಾಸೊ. ಗೇರಿನ ಮೋಟಾರು ಸೈಕಲ್ಲಿಗೆ ಜಾಸೊ ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿರುವುದು ಗೇರಿಲ್ಲದ ಸ್ಕೂಟರುಗಳಿಗೆ. ಮೋಟಾರು ಸೈಕಲ್ಲಿನ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿದ್ದು ಒಂದನ್ನೊಂದು ಹಿಡಿಯಬೇಕು. ಹೆಚ್ಚು ನುಣುಪಿನ ಕಾರಿನ ಎಣ್ಣೆ ಹಾಕಿದರೆ ಈ ಹಿಡಿತ ಜಾರಬಹುದು. ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ಎಂಜಿನ್ನಿನ ಸದ್ದು ಹೆಚ್ಚಿದರೂ ವಾಹನ ಎಳೆಯದಿದ್ದರೆ ಕ್ಲಚ್ ಜಾರುತ್ತಿದೆ ಎಂದು ಅನುಮಾನಿಸಬೇಕು.

ಟ್ರ್ಯಾಕ್ಟರಿಗೆ, ಡೀಸೆಲ್ ಪಂಪಿಗೆ ತಂದ ಎಣ್ಣೆ ಮನೆಯಲ್ಲಿ ಮಿಕ್ಕಿದೆ ಎಂದು ಅದನ್ನೇ ಸುರಿಯುವ ರೂಢಿಯೂ ಉಂಟು. ಹಾಕಿದ ಕೂಡಲೇ ಕೇಡು ಕಾಣದಿರಬಹುದು. ಆದರೆ ಅದು ಡೀಸೆಲ್ ಎಂಜಿನ್ನಿಗಾಗಿ ಮಾಡಿದ ಎಣ್ಣೆ. ಜಾಸೊ ಗುರುತಿಲ್ಲದಿದ್ದರೆ ನಿಮ್ಮ ಕ್ಲಚ್ಚಿಗೆ ಒಗ್ಗುವುದೆಂಬ ಭರವಸೆಯಿಲ್ಲ.

ಅಳತೆ ನೋಡುವ ಕ್ರಮ

1. ವಾಹನವನ್ನು ಸಮತಟ್ಟಾದ ಜಾಗದಲ್ಲಿ ದೊಡ್ಡ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ. ಪಕ್ಕದ ಸ್ಟ್ಯಾಂಡಿನಲ್ಲಿ ವಾಲಿದ್ದರೆ ಅಳತೆ ತಪ್ಪುತ್ತದೆ.

2. ಎಂಜಿನ್ನನ್ನು 3 ರಿಂದ 5 ನಿಮಿಷ ನಡೆಸಿ ನಿಲ್ಲಿಸಿ. ಎಣ್ಣೆ ತಳಕ್ಕೆ ಇಳಿಯಲು 2-3 ನಿಮಿಷ ಬಿಡಿ.

3. ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿದ ಮೇಲೆಯೇ ಅಳತೆ ಕಡ್ಡಿಯನ್ನು ಬಿಚ್ಚಿ. ಕಡ್ಡಿಯನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ.

4. ಕಡ್ಡಿಯನ್ನು ಮತ್ತೆ ಇಳಿಸಿ ತೆಗೆದು ನೋಡಿ. ಹೆಚ್ಚಿನ ವಾಹನಗಳಲ್ಲಿ ಈಗ ತಿರುಪು ತಿರುಗಿಸದೆ ಸುಮ್ಮನೆ ಕೂರಿಸಬೇಕು. ನಿಮ್ಮ ವಾಹನದ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.

5. ಎಣ್ಣೆ ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ ಇರಬೇಕು. ಕಡ್ಡಿಯ ಬದಲು ಗಾಜಿನ ಕಿಂಡಿ ಇರುವ ವಾಹನಗಳಲ್ಲಿಯೂ ಎರಡು ಗುರುತುಗಳಿರುತ್ತವೆ.

6. ಕಡಿಮೆಯಿದ್ದರೆ ಅದೇ ಬಗೆಯ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಪ್ರತಿ ಸಲವೂ ಅಳೆದು ನೋಡಿ.

ಹದಿನೈದು ದಿನಕ್ಕೊಮ್ಮೆ ಮತ್ತು ದೂರದ ಪ್ರಯಾಣಕ್ಕೆ ಮುಂಚೆ ತಪ್ಪದೆ ಈ ಪರೀಕ್ಷೆ ಮಾಡಬೇಕು.

ಹೆಚ್ಚಾದರೂ ಕೇಡು

ಎಣ್ಣೆ ಕಡಿಮೆಯಾದರೆ ಎಂಜಿನ್ ಕಾದು, ಭಾಗಗಳು ಸವೆದು, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇದು ಹೆಚ್ಚಿನವರಿಗೆ ಗೊತ್ತು. ಹೆಚ್ಚಾದರೂ ಕೇಡು ಎಂಬುದು ಗೊತ್ತಿರುವವರು ಕಡಿಮೆ. ಮಿತಿ ಮೀರಿದ ಎಣ್ಣೆಯನ್ನು ತಿರುಗುವ ಭಾಗಗಳು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಸವೆತ ತಡೆಯುವ ಶಕ್ತಿಯಿಲ್ಲ. ಒತ್ತಡದಿಂದ ಸೀಲುಗಳು ಸೋರಬಹುದು, ಎಣ್ಣೆ ಏರ್ ಫಿಲ್ಟರಿಗೆ ನುಗ್ಗಬಹುದು, ಹೊಗೆ ಬಂದು ಪ್ಲಗ್ ಕಟ್ಟಬಹುದು.

ಈ ತಪ್ಪು ಆಗುವುದು ಬಹುತೇಕ ಎಣ್ಣೆ ಬದಲಾಯಿಸುವಾಗ. ಕೈಪಿಡಿಯಲ್ಲಿ ಎರಡು ಅಳತೆಗಳಿರುತ್ತವೆ. ಎಣ್ಣೆ ಬಸಿದು ಬದಲಾಯಿಸುವಾಗ ಹಾಕಬೇಕಾದದ್ದು ಒಂದು. ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಹಾಕಬೇಕಾದದ್ದು ಇನ್ನೊಂದು. ಬಸಿದ ಮೇಲೂ ಒಳಗೆ ಸ್ವಲ್ಪ ಎಣ್ಣೆ ಉಳಿಯುವುದರಿಂದ ಮೊದಲನೆಯ ಅಳತೆ ಕಡಿಮೆ. ಇದನ್ನು ನೋಡದೆ ತಂದ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಬಾರದು. ಮಿಕ್ಕ ಎಣ್ಣೆಯನ್ನು ಬಿಗಿಯಾಗಿ ಮುಚ್ಚಿಟ್ಟರೆ ಮುಂದೆ ಸೇರಿಸಲು ಬರುತ್ತದೆ.

ಬದಲಾವಣೆ ಯಾವಾಗ?

ಹೆಚ್ಚಿನ ಕೈಪಿಡಿಗಳಲ್ಲಿ 3000 ದಿಂದ 6000 ಕಿ.ಮೀ. ಒಳಗೆ ಎಣ್ಣೆ ಬದಲಾಯಿಸಲು ಹೇಳಿರುತ್ತದೆ. ದಿನಕ್ಕೆ 40 ಕಿ.ಮೀ. ಓಡಿಸುವವರಿಗೆ 3000 ಕಿ.ಮೀ. ಎರಡೂವರೆ ತಿಂಗಳಲ್ಲಿ ಮುಗಿಯುತ್ತದೆ. ಆಯುಧ ಪೂಜೆಯಿಂದ ಆಯುಧ ಪೂಜೆಗೆ 14,000 ಕಿ.ಮೀ. ಮೀರುತ್ತದೆ! ಆದ್ದರಿಂದ ಹಬ್ಬವನ್ನಲ್ಲ, ಕಿಲೋಮೀಟರನ್ನು ನೋಡಬೇಕು. ಧೂಳಿನ ದಾರಿ ಮತ್ತು ಹೊರೆ ಹೆಚ್ಚಿದ್ದರೆ ಇನ್ನೂ ಬೇಗ ಬದಲಾಯಿಸುವುದು ಒಳ್ಳೆಯದು. ಓಟ ಕಡಿಮೆಯಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು.

ಎಂಜಿನ್ ಬೆಚ್ಚಗಿದ್ದಾಗ ಬಸಿದರೆ ಕಸವೆಲ್ಲ ಇಳಿಯುತ್ತದೆ. ಕೈ ಸುಡದಂತೆ ಎಚ್ಚರವಿರಲಿ. ತಳದ ಬೋಲ್ಟನ್ನು ಅತಿಯಾಗಿ ಬಿಗಿದರೆ ಅಲ್ಯುಮಿನಿಯಂ ಮರೆ ಹಾಳಾಗುತ್ತದೆ. ವಾಷರು ನಜ್ಜಾಗಿದ್ದರೆ ಹೊಸದನ್ನು ಹಾಕಿ. ಏರ್ ಫಿಲ್ಟರನ್ನೂ ಅದೇ ದಿನ ನೋಡಿ. ಅದು ಹರಿದಿದ್ದರೆ ಎಷ್ಟು ಒಳ್ಳೆಯ ಎಣ್ಣೆಯೂ ಧೂಳಿನ ಮುಂದೆ ನಿಲ್ಲದು.

ಎಣ್ಣೆಯಿಂದ ತಿಳಿಯುವ ರೋಗ

ಎಣ್ಣೆ ಕಪ್ಪಾಗುವುದು ಸಹಜ, ಅದಷ್ಟೇ ದೋಷವಲ್ಲ. ಆದರೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಪೆಟ್ರೋಲಿನ ವಾಸನೆಯಿದ್ದು, ಹಾಕದೆಯೇ ಮಟ್ಟ ಏರಿದ್ದರೆ ಪೆಟ್ರೋಲು ಒಳಗೆ ಇಳಿಯುತ್ತಿದೆ. ಲೋಹದ ಹೊಳೆಯುವ ಚೂರುಗಳು ಕಂಡರೆ ಒಳಗೆ ಸವೆತವಿದೆ. ಈ ಮೂರರಲ್ಲಿ ಯಾವುದು ಕಂಡರೂ ವಾಹನ ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಬಸಿದ ಹಳೆಯ ಎಣ್ಣೆಯನ್ನು ಕಾಲುವೆಗೆ, ಬಾವಿಯ ಬಳಿ ಅಥವಾ ಹೊಲಕ್ಕೆ ಸುರಿಯಬಾರದು. ದನಗಳ ಹುಣ್ಣಿಗೆ ಹಚ್ಚುವುದೂ ತಪ್ಪು. ಅದರಲ್ಲಿ ಮಸಿ, ಲೋಹದ ಕಣ ಮತ್ತು ವಿಷವಸ್ತುಗಳಿರುತ್ತವೆ. ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು.

ಒಟ್ಟಿನಲ್ಲಿ, ಎಣ್ಣೆಯ ಬಗೆಯನ್ನು ಕೈಪಿಡಿ ಹೇಳಬೇಕು, ಪ್ರಮಾಣವನ್ನು ಕಡ್ಡಿ ಹೇಳಬೇಕು, ಕಾಲವನ್ನು ಕಿಲೋಮೀಟರು ಹೇಳಬೇಕು. ಎಣ್ಣೆ ಬದಲಾಯಿಸಿದ ದಿನ ಮತ್ತು ಕಿಲೋಮೀಟರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಗ್ರಾಮ ಮಟ್ಟದ ಕಾರ್ಯಕರ್ತರು ರೈತರ ಸಭೆಗಳಲ್ಲಿ ಒಂದು ವಾಹನವನ್ನು ನಿಲ್ಲಿಸಿ ಕಡ್ಡಿ ನೋಡುವ ಕ್ರಮವನ್ನು ಕಣ್ಣೆದುರೇ ತೋರಿಸಿದರೆ, ಹತ್ತು ನಿಮಿಷದ ಆ ಪ್ರಾತ್ಯಕ್ಷಿಕೆಯಿಂದ ಹಲವು ಎಂಜಿನ್ನುಗಳು ಉಳಿಯುತ್ತವೆ.