ನಿಮ್ಮ ಹತ್ಯಾರಕ್ಕೆ ನಿಮ್ಮ ಗುರುತಿರಲಿ



ಮದುವೆ ಮನೆಯ ಅಡಿಗೆಗೆ ಊರಿನ ಹತ್ತು ಮನೆಗಳಿಂದ ಕೊಳಗ, ಕಡಾಯಿ, ಹರಿವಾಣ ತರುವುದು ನಮ್ಮ ಗಂಡಸಿ ಸೀಮೆಯಲ್ಲಿ ಹಿಂದಿನಿಂದ ಬಂದ ರೂಢಿ. ಊಟ ಮುಗಿದು ಪಾತ್ರೆ ತೊಳೆದು ರಾಶಿ ಹಾಕಿದ ಮೇಲೆ ಯಾವುದು ಯಾರದೆಂಬ ತಕರಾರು ಏಳುವುದಿಲ್ಲ. ಪ್ರತಿಯೊಂದರ ಅಂಚಿನಲ್ಲೂ ಮನೆಯವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ. ಹೆಸರು ಹಾಕಿಸಿದ್ದಾರೆಂದು ನೆರೆಯವರು ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ. ಹೆಸರಿದೆ ಎಂಬ ಧೈರ್ಯದಿಂದಲೇ ನಾವು ಪಾತ್ರೆಯನ್ನು ಆಚೆ ಕಳಿಸುತ್ತೇವೆ. ಹೀಗಿದ್ದೂ ನಮ್ಮ ಅನ್ನದ ಮೂಲವಾದ ಕತ್ತಿ, ಗರಗಸ, ಸ್ಪ್ಯಾನರುಗಳಿಗೆ ಗುರುತು ಹಾಕಿಸಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ಈ ವಿಷಯವನ್ನು ಪ್ರಸ್ತಾಪಿಸಲು ಕಾರಣವಿದೆ. ನಮ್ಮ ವರ್ಕ್‌ಶಾಪಿನಲ್ಲಿ ಸಾಣೆ ಯಂತ್ರ, ವೈಸು, ವೆಲ್ಡಿಂಗ್ ಇವು ಸಂಘದ ಆಸ್ತಿ. ಉಳಿದ ಕೈಹತ್ಯಾರಗಳನ್ನು ಸದಸ್ಯರು ತಾವೇ ತರುತ್ತಾರೆ. ಮರಗಸಿಯ ಕಾಲಕ್ಕೆ, ಅಡಿಕೆ ಸುಲಿತದ ಕಾಲಕ್ಕೆ ಒಂದೇ ಮೇಜಿನ ಮೇಲೆ ಹತ್ತು ಜನರ ಹತ್ಯಾರ ಕೂಡುತ್ತದೆ. ಎಲ್ಲವೂ ಅದೇ ಎರಡು ಮೂರು ಅಂಗಡಿಗಳಲ್ಲಿ ಕೊಂಡವು. ಅದೇ ಕಂಪನಿ, ಅದೇ ಬಣ್ಣದ ಹಿಡಿ.

ಕೆಲವು ವರ್ಷಗಳ ಹಿಂದೆ ನನ್ನ ಗರಗಸವೊಂದು ಇಲ್ಲಿ ಕಾಣೆಯಾಯಿತು. ನಮ್ಮ ತೋಟಕ್ಕೆ ಹನ್ನೊಂದು ವರ್ಷ ಮರಗಸಿಗೆ ಬರುತ್ತಿದ್ದ ಕೆಲಸಗಾರನೊಬ್ಬ ಹಿಂದಿನ ದಿನ ಅದನ್ನು ಸಾಣೆಗೆ ತಂದಿದ್ದ. ನಾಲ್ಕು ಜನರ ಎದುರಿಗೆ, "ಗರಗಸ ಎಲ್ಲಿಟ್ಟೆಯಪ್ಪಾ, ಸರಿಯಾಗಿ ಯೋಚನೆ ಮಾಡಿ ಹೇಳು" ಎಂದೆ. ಕಳ್ಳ ಎನ್ನಲಿಲ್ಲ. ಆದರೆ ಅಲ್ಲಿದ್ದವರಿಗೂ ಅವನಿಗೂ ನನ್ನ ಮಾತಿನ ಅರ್ಥ ಆಗಿತ್ತು. ಅವನು, "ಮೇಜಿನ ಮೇಲೇ ಇಟ್ಟೆ ಸ್ವಾಮಿ" ಎಂದಷ್ಟೇ ಹೇಳಿ ಹೊರಟುಹೋದ.

ಎರಡು ತಿಂಗಳ ಮೇಲೆ ಗರಗಸ ಸಿಕ್ಕಿತು. ಸದಸ್ಯರೊಬ್ಬರು ತಮ್ಮದೆಂದೇ ತಿಳಿದು ಅದನ್ನು ಟ್ರ್ಯಾಕ್ಟರಿನ ಪೆಟ್ಟಿಗೆಗೆ ಹಾಕಿಕೊಂಡು ಹೋಗಿದ್ದರು. ಮೇಜಿನ ಮೇಲೆ ಉಳಿದಿದ್ದ ಅವರ ಗರಗಸವನ್ನು ಸಂಘದ್ದೆಂದು ತಿಳಿದು ಅಷ್ಟು ದಿನವೂ ಬಳಸುತ್ತಿದ್ದವನು ನಾನೇ! ಆ ಕೆಲಸಗಾರನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿದೆ. ಕಾಫಿ ಕೊಟ್ಟು, "ಹೋಗ್ಲಿ ಬಿಡಿ ಸ್ವಾಮಿ" ಎಂದ. ಆದರೆ ಮತ್ತೆ ನಮ್ಮ ತೋಟಕ್ಕೆ ಬರಲಿಲ್ಲ. ಗರಗಸದ ಬೆಲೆ ಎಷ್ಟೆಂದು ನನಗೆ ಗೊತ್ತು. ಅಂದು ನಾನು ಕಳೆದುಕೊಂಡದ್ದಕ್ಕೆ ಬೆಲೆ ಕಟ್ಟಲಾರೆ. ಎರಡೂ ಗರಗಸಗಳ ಮೇಲೆ ಎರಡು ಅಂಕೆ ಇದ್ದಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ.

ಗುರುತು ಹಾಕುವುದು ಅಪನಂಬಿಕೆಯ ಲಕ್ಷಣವೆಂದು ಕೆಲವರು ಸಂಕೋಚಪಡುತ್ತಾರೆ. ಇನ್ನು ಕೆಲವರಿಗೆ ಅದು ಡೌಲು. ನಮಗೆ ಹತ್ತಿರದ ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿಯ ಶಿಲ್ಪಿಗಳು ತಾವು ಕಡೆದ ವಿಗ್ರಹಗಳಲ್ಲಿ ತಮ್ಮ ಹೆಸರನ್ನೂ ಕೊರೆದರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಒಂಬೈನೂರು ವರ್ಷ ಕಳೆದರೂ ನಮಗೆ ತಿಳಿದಿರುವುದು ಆ ಬರಹದಿಂದಲೇ. ಇದು ತನ್ನ ಕೈಕೆಲಸ, ಇದರ ಹೊಣೆ ತನ್ನದು ಎಂದು ಶಿಲ್ಪಿ ಒಪ್ಪಿಕೊಂಡ ಹಾಗೆ. ಹತ್ಯಾರದ ಗುರುತಿಗೂ ಅದೇ ಅರ್ಥ. ಸಾಣೆ ಹಿಡಿಸುವುದು, ಎಣ್ಣೆ ಹಚ್ಚುವುದು ಯಾರ ಹೊಣೆ ಎಂಬುದನ್ನು ಅದು ಹೇಳುತ್ತದೆ. ಯಾರದೂ ಅಲ್ಲದ ಕತ್ತಿ ಎಲ್ಲರ ಕೈಯಲ್ಲೂ ಮೊಂಡಾಗುತ್ತದೆ.

ಏನು ಬರೆಯಬೇಕು?

ಹೆಸರಿನ ಮೊದಲಕ್ಷರ ಸಾಲದು. ಒಂದೇ ಊರಿನಲ್ಲಿ ಎಂ. ಆರ್. ಎನ್ನುವವರು ಮೂರು ಜನ ಇರಬಹುದು. ಸಂಘದ ಸದಸ್ಯ ಸಂಖ್ಯೆ ಮಾತ್ರ ಒಬ್ಬರಿಗೆ ಒಂದೇ, ಅದನ್ನೇ ಹಾಕಿಸಿ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ ಅಂಕೆ ಪಂಚಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂಬತ್ತೇ ಪಂಚುಗಳಿರುತ್ತವೆ. 6ನ್ನು ತಿರುಗಿಸಿ ಹೊಡೆದರೆ 9 ಆಗುತ್ತದೆ. ಆದ್ದರಿಂದ 68ನೇ ಸದಸ್ಯರ ಗುದ್ದಲಿಯನ್ನು ತಲೆಕೆಳಗೆ ಹಿಡಿದರೆ 89ನೇ ಸದಸ್ಯರದಾಗುತ್ತದೆ! ಅಂಕೆಗಳ ಕೆಳಗೆ ಉಳಿಯಿಂದ ಒಂದು ಅಡ್ಡಗೀಟು ಹಾಕಿದರೆ ಈ ಗೊಂದಲ ಇರುವುದಿಲ್ಲ.

ಹೇಗೆ ಹಾಕಬೇಕು?

ಮಚ್ಚು, ಕತ್ತಿ, ಕುಡುಗೋಲು: ಹೊಸದು ಮಾಡಿಸುವಾಗ ಕಮ್ಮಾರರಿಗೆ ಸಂಖ್ಯೆ ತಿಳಿಸಿ. ನೀರಿಗೆ ಅದ್ದಿ ಗಟ್ಟಿ ಮಾಡುವ ಮೊದಲೇ, ಕಬ್ಬಿಣ ಕೆಂಪಗಿರುವಾಗ ಪಂಚು ಹೊಡೆದರೆ ಅದು ಆಳವಾಗಿ ಕೂರುತ್ತದೆ. ಹಳೆಯದಾದರೆ ಹಿಡಿಯ ಹತ್ತಿರದ ಮೆತ್ತನೆಯ ಭಾಗವನ್ನು ಅಡಿಗಲ್ಲಿನ ಮೇಲಿಟ್ಟು ಒಂದೇ ಗಟ್ಟಿ ಪೆಟ್ಟು ಹೊಡೆಯಿರಿ. ಎರಡು ಪೆಟ್ಟು ಬಿದ್ದರೆ ಅಂಕೆ ಜೋಡಿಯಾಗಿ ಕಾಣುತ್ತದೆ. ಬಾಯಿಯ ಹತ್ತಿರ ಎಂದೂ ಹೊಡೆಯಬಾರದು; ಬಿರುಕು ಬಿಡಬಹುದು.

ಹಾರೆ, ಗುದ್ದಲಿ, ಪಿಕಾಸಿ: ಕಾವು ಸೇರುವ ಕಣ್ಣಿನ ಹತ್ತಿರ ಪಂಚು ಹೊಡೆಯಬಹುದು. ಹಾರೆಗೆ ನಡುಭಾಗದಲ್ಲಿ ವೆಲ್ಡಿಂಗ್ ಚುಕ್ಕಿಗಳಿಂದ ಸಂಖ್ಯೆ ಬರೆಯಬಹುದು. ಬಾಯಿಗೆ ವೆಲ್ಡಿಂಗ್ ಬಿಸಿ ತಗುಲಿದರೆ ಹದ ಕೆಡುತ್ತದೆ.

ಕತ್ತರಿ, ಅರ, ಉಳಿ, ಸ್ಪ್ಯಾನರು, ಕಸಿ ಚಾಕು: ಇವು ಗಡುಸಾದ ಉಕ್ಕು. ಪಂಚು ಹೊಡೆದರೆ ಚೂರು ಸಿಡಿದು ಕಣ್ಣಿಗೆ ಬೀಳುವ ಭಯವಿದೆ. ಪಾತ್ರೆ ಅಂಗಡಿಯವರು ಹೆಸರು ಕೊರೆಯುವ ಕರೆಂಟಿನ ಯಂತ್ರವೇ ಇವಕ್ಕೆ ಸರಿ. ಕೊರೆಯುವಾಗಲೂ ಕಣ್ಣಿಗೆ ಕನ್ನಡಕ ಇರಲಿ.

ಗರಗಸ: ಅಲಗು ತೆಳುವಾದ್ದರಿಂದ ಪಂಚು ಬೇಡ, ಬೆನ್ನಿನ ಹತ್ತಿರ ಯಂತ್ರದಿಂದಲೇ ಕೊರೆಸಿ. ಅಲಗು ಬದಲಾಯಿಸುವ ಗರಗಸವಾದರೆ ಚೌಕಟ್ಟಿಗೂ ಹಾಕಿಸಬೇಕು.

ಮರದ ಕಾವು: ಕಾಯಿಸಿದ ಕಂಬಿಯಿಂದ ಸುಟ್ಟು ಬರೆಯಿರಿ. ಆದರೆ ಕಾವು ಮುರಿದರೆ ಗುರುತೂ ಅದರ ಜೊತೆಗೇ ಹೋಗುವುದರಿಂದ ಕಬ್ಬಿಣದ ಭಾಗಕ್ಕೆ ಬೇರೆಯೇ ಹಾಕಬೇಕು. ಕಾವಿಗೆ ಕೆಂಪು ಅಥವಾ ಹಳದಿ ಬಣ್ಣದ ಪಟ್ಟಿ ಬಳಿದರೆ ಇನ್ನೂ ಉತ್ತಮ. ಬಣ್ಣ ಸವೆಯುತ್ತದೆ ನಿಜ, ಆದರೆ ಕಾಫಿ ಗಿಡದ ಬುಡದಲ್ಲಿ, ತರಗಿನ ನಡುವೆ ಮರೆತು ಬಂದ ಕತ್ತಿ ಸಂಜೆ ಹುಡುಕುವಾಗ ಕಣ್ಣಿಗೆ ಬೀಳುತ್ತದೆ. ಹಸಿರು, ಕಂದು ಬಣ್ಣಗಳಿಂದ ಈ ಉಪಯೋಗವಿಲ್ಲ.

ಕಳೆ ಕೊಚ್ಚುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರ: ಕಂಪನಿಯ ನಂಬರನ್ನು ಬಿಲ್ಲಿನ ಜೊತೆಗೆ ಬರೆದಿಟ್ಟುಕೊಳ್ಳಿ. ಆ ನಂಬರಿನ ಮೇಲೆ ಏನನ್ನೂ ಕೊರೆಯಬೇಡಿ. ಪೆಟ್ರೋಲ್ ಯಂತ್ರದ ಮೇಲೆ ಬಿಸಿ ಕಂಬಿ ಸರ್ವಥಾ ಕೂಡದು.

ಕೊನೆಯದಾಗಿ ಒಂದು ವಿನಂತಿ. ನಮ್ಮ ತೋಟಗಳಿಗೆ ಬರುವ ಕೆಲಸಗಾರರಲ್ಲಿ ಅನೇಕರು ಸ್ವಂತ ಕತ್ತಿ, ಸ್ವಂತ ಮೆಟ್ಟುಗತ್ತಿ ತರುತ್ತಾರೆ. ನಮ್ಮದೊಂದು ಕತ್ತಿ ಹೋದರೆ ಇನ್ನೊಂದು ಕೊಳ್ಳುತ್ತೇವೆ. ಅವರ ಕತ್ತಿ ಹೋದರೆ ಮರುದಿನದ ಕೂಲಿಯೇ ಹೋದಂತೆ. ಕತ್ತಿ ಅದಲುಬದಲಾದಾಗ ಮೊದಲು ಅನುಮಾನ ಬೀಳುವುದೂ ಅವರ ಮೇಲೆಯೇ. ಆದ್ದರಿಂದ ಅವರ ಹತ್ಯಾರಗಳಿಗೂ ಗುರುತು ಹಾಕಿಸಿಕೊಡುವುದು ನಮ್ಮ ಕರ್ತವ್ಯ.

ಆಯುಧಪೂಜೆಗೆ ಹೇಗೂ ಎಲ್ಲ ಹತ್ಯಾರಗಳನ್ನೂ ಹುಡುಕಿ, ತೊಳೆದು, ಒಂದೆಡೆ ಜೋಡಿಸುತ್ತೇವೆ. ಅಡಿಕೆ, ಕಾಫಿ ಕೊಯ್ಲಿನ ಭರಾಟೆಗೆ ಮುಂಚಿನ ದಿನಗಳೂ ಅವೇ. ಈ ಸಲ ಪೂಜೆಗೆ ಒಂದು ವಾರ ಮೊದಲೇ ಅವನ್ನು ವರ್ಕ್‌ಶಾಪಿಗೆ ತನ್ನಿ. ಪಂಚು, ಕೊರೆಯುವ ಯಂತ್ರ ಎರಡೂ ಸಿದ್ಧವಿರುತ್ತವೆ. ಕೆಲಸಗಾರರ ಹತ್ಯಾರಗಳಿಗೆ ಶುಲ್ಕವಿಲ್ಲ. ಅವರು ಹೇಳಿದ ಗುರುತನ್ನೇ ಹಾಕಿ, ಸದಸ್ಯರ ಸಂಖ್ಯೆಗಳಂತೆ ಅದನ್ನೂ ರಿಜಿಸ್ಟರಿನಲ್ಲಿ ಬರೆದುಕೊಳ್ಳಲಾಗುವುದು. ಅರಿಶಿನ ಕುಂಕುಮ ಹಚ್ಚುವ ಮುನ್ನ ಪ್ರತಿ ಹತ್ಯಾರವನ್ನೂ ಒಮ್ಮೆ ತಿರುಗಿಸಿ ನೋಡಿ. ಬೇರೆಯವರ ಗುರುತು ಕಂಡರೆ ಪೂಜೆಗೆ ಮೊದಲೇ ಅವರ ಮನೆಗೆ ಮುಟ್ಟಿಸಿ.

— ಕಾರ್ಯದರ್ಶಿ