ಸಿಗಂದೂರು ಸೇತುವೆ ಯಾರ ಸಾಧನೆ? ಬಿಜೆಪಿ – ಕಾಂಗ್ರೆಸ್ ಕ್ರೆಡಿಟ್ ಜಟಾಪಟಿಯಲ್ಲಿ ಯಾರ ಪಾಲು ಎಷ್ಟು?

ಸಾಗರ: ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿರುವ ಅಂಬಾರಗೋಡ್ಲು – ಕಳಸವಳ್ಳಿ ಸೇತುವೆ ಲೋಕಾರ್ಪಣೆ ಆಗಿದ್ದು 2025ರ ಜುಲೈ 14ರಂದು. ಉದ್ದ 2.44 ಕಿಲೋಮೀಟರ್. ವೆಚ್ಚ ಸುಮಾರು 470 ಕೋಟಿ ರೂಪಾಯಿ. ಸಿಗಂದೂರಿಗೆ ಹೋಗುವ ಭಕ್ತರಿಗೆ, ತುಮರಿ ಭಾಗದ ಜನರಿಗೆ ಲಾಂಚ್ ಕಾಯೋದು ತಪ್ಪಿತು. ಆದರೆ ‘ಇದು ನಮ್ಮ ಸಾಧನೆ’ ಅನ್ನೋ ಜಗಳ ಮಾತ್ರ ಉದ್ಘಾಟನೆ ದಿನವೇ ತಾರಕಕ್ಕೆ ಹೋಯಿತು. ಯಾರ ವಾದದಲ್ಲಿ ಎಷ್ಟು ಹುರುಳಿದೆ? ಇಲ್ಲಿದೆ ವಿವರ.

ಉದ್ಘಾಟನೆ ದಿನ ಆಗಿದ್ದೇನು?

ಕೇಂದ್ರ ಸಚಿವ ನಿತಿನ್ ಗಡ್ಕರಿ ಸೇತುವೆ ಉದ್ಘಾಟಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಬರಲಿಲ್ಲ. ತಮ್ಮನ್ನು ಕೇಳದೆ ದಿನಾಂಕ ನಿಗದಿ ಮಾಡಿದ್ದಾರೆ, ಅದೇ ದಿನ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಕಾರ್ಯಕ್ರಮ ಇದೆ, ಉದ್ಘಾಟನೆ ಮುಂದೂಡಿ ಅಂತ ಅವರು ಗಡ್ಕರಿಗೆ ಪತ್ರ ಬರೆದಿದ್ದರು. ಜುಲೈ 11ರಂದೇ ಆಹ್ವಾನ ಕಳಿಸಿದ್ದೇವೆ, ಬರಲಾಗದಿದ್ದರೆ ಆನ್‌ಲೈನ್‌ನಲ್ಲಾದರೂ ಪಾಲ್ಗೊಳ್ಳಿ ಅಂತ 12ರಂದು ಮತ್ತೆ ಪತ್ರ ಬರೆದಿದ್ದೇವೆ ಅನ್ನೋದು ಗಡ್ಕರಿ ಉತ್ತರ. ಶಿಷ್ಟಾಚಾರ ಉಲ್ಲಂಘನೆ ಅಂತ ಕಾಂಗ್ರೆಸ್, ಅಭಿವೃದ್ಧಿಯಲ್ಲೂ ರಾಜಕೀಯ ಅಂತ ಬಿಜೆಪಿ ಕಿತ್ತಾಡಿದವು.

ಬಿಜೆಪಿ ವಾದ ಏನು?

ದುಡ್ಡು ಕೊಟ್ಟಿದ್ದು ಕೇಂದ್ರ. 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಮಾಡಿದ್ದೂ ಗಡ್ಕರಿ, ಉದ್ಘಾಟನೆ ಮಾಡಿದ್ದೂ ಗಡ್ಕರಿ. ಆಗ ಶಿವಮೊಗ್ಗ ಸಂಸದರಾಗಿದ್ದವರು ಬಿ.ಎಸ್.ಯಡಿಯೂರಪ್ಪ. ನಂತರ ಬಂದ ಸಂಸದ ಬಿ.ವೈ.ರಾಘವೇಂದ್ರ ಬೆನ್ನುಬಿದ್ದು ಕೆಲಸ ಮುಗಿಸಿದರು ಅನ್ನೋದು ಬಿಜೆಪಿಯವರ ಮಾತು.

ಇದರಲ್ಲಿ ಹುರುಳಿದೆ. ಸೇತುವೆ ರಾಷ್ಟ್ರೀಯ ಹೆದ್ದಾರಿ 369ಇ ಮೇಲೆ ಬರುತ್ತೆ. ರಾಷ್ಟ್ರೀಯ ಹೆದ್ದಾರಿ ಅಂತಾದ ಮೇಲೆ ಅದರ ಖರ್ಚು ಕೇಂದ್ರದ್ದು. ಇಷ್ಟು ದೊಡ್ಡ ಮೊತ್ತವನ್ನ ಒಂದು ಹೋಬಳಿಯ ಜನರಿಗಾಗಿ ರಾಜ್ಯದ ಬಜೆಟ್‌ನಲ್ಲಿ ತೆಗೆಯೋದು ಸುಲಭ ಇರಲಿಲ್ಲ.

ಕಾಂಗ್ರೆಸ್ ವಾದ ಏನು?

ಶಂಕುಸ್ಥಾಪನೆ ಆದಾಗ ರಾಜ್ಯದಲ್ಲಿ ಇದ್ದದ್ದು ಸಿದ್ದರಾಮಯ್ಯ ಸರ್ಕಾರ. ಸಾಗರದ ಶಾಸಕರಾಗಿದ್ದ ಕಾಗೋಡು ತಿಮ್ಮಪ್ಪ ಕಂದಾಯ ಸಚಿವರೂ ಆಗಿದ್ದರು. ರಾಜ್ಯ ಕೈಜೋಡಿಸದಿದ್ದರೆ ಕೇಂದ್ರ ಏನು ಮಾಡೋಕಾಗ್ತಿತ್ತು ಅನ್ನೋದು ಕಾಂಗ್ರೆಸ್‌ನವರ ಪ್ರಶ್ನೆ. ಕೇಂದ್ರದ ದುಡ್ಡು ಅಂದ್ರೆ ರಾಜ್ಯದ ಜನ ಕಟ್ಟಿದ ತೆರಿಗೆಯೂ ಅದರಲ್ಲಿದೆ ಅಂತಲೂ ಹೇಳ್ತಾರೆ.

ಇದನ್ನೂ ತಳ್ಳಿಹಾಕೋ ಹಾಗಿಲ್ಲ. ಹೆದ್ದಾರಿ ಕೆಲಸಕ್ಕೆ ಜಾಗ ಬಿಡಿಸಿಕೊಡೋದು ಸಾಮಾನ್ಯವಾಗಿ ರಾಜ್ಯದ ಕಂದಾಯ ಅಧಿಕಾರಿಗಳೇ. ಅರಣ್ಯದ ಫೈಲ್ ಕೂಡ ರಾಜ್ಯದ ಮೂಲಕವೇ ದೆಹಲಿಗೆ ಹೋಗಬೇಕು.

ಹಾಗಾದ್ರೆ ಕ್ರೆಡಿಟ್ ಯಾರಿಗೆ?

ಇಂಥ ಕೆಲಸದ ಕ್ರೆಡಿಟ್ ಒಬ್ಬರಿಗೇ ಸೇರೋದಿಲ್ಲ. ಬಿಡಿಸಿ ನೋಡಿದರೆ ಐದು ಹಂತ ಸಿಗುತ್ತೆ. ಬೇಕು ಅಂತ ಕೇಳಿದವರು ಯಾರು? ಮಂಜೂರು ಮಾಡಿದವರು ಯಾರು? ಹಣ ಯಾರದ್ದು? ಜಾಗ, ಅನುಮತಿ ಕೊಡಿಸಿದವರು ಯಾರು? ಕೆಲಸ ನಿಲ್ಲದ ಹಾಗೆ ನೋಡಿಕೊಂಡವರು ಯಾರು?

ಎರಡು, ಮೂರನೇ ಪ್ರಶ್ನೆಗೆ ಉತ್ತರ ಕೇಂದ್ರ ಸರ್ಕಾರ. ನಾಲ್ಕನೆಯದರಲ್ಲಿ ರಾಜ್ಯಕ್ಕೂ ಪಾಲಿದೆ. ಐದನೆಯದಕ್ಕೆ ಒಂದೇ ಹೆಸರು ಹೇಳೋದು ಕಷ್ಟ. ಶಂಕುಸ್ಥಾಪನೆಯಿಂದ ಉದ್ಘಾಟನೆವರೆಗೆ 7 ವರ್ಷ 5 ತಿಂಗಳು ಹಿಡಿಯಿತು. ಅಷ್ಟರಲ್ಲಿ ಸಿದ್ದರಾಮಯ್ಯ, ಯಡಿಯೂರಪ್ಪ, ಕುಮಾರಸ್ವಾಮಿ, ಬೊಮ್ಮಾಯಿ ಅಂತ ಮೂರೂ ಪಕ್ಷಗಳ ಮುಖ್ಯಮಂತ್ರಿಗಳು ಬಂದು ಹೋದರು. ಸಿದ್ದರಾಮಯ್ಯ ಎರಡನೇ ಸಲ ಬಂದರು.

ಮೊದಲನೇ ಪ್ರಶ್ನೆಗೆ ಉತ್ತರ ಯಾವ ಪಕ್ಷವೂ ಅಲ್ಲ. ಪಾದಯಾತ್ರೆ, ಧರಣಿ ಮಾಡಿ, ಬಂದ ನಾಯಕರಿಗೆಲ್ಲ ಮನವಿ ಕೊಟ್ಟಿದ್ದು ಹಿನ್ನೀರಿನ ಜನ.

61 ವರ್ಷ ತಡವಾಗಿದ್ದಕ್ಕೆ ಹೊಣೆ ಯಾರು?

ಲಿಂಗನಮಕ್ಕಿ ಡ್ಯಾಂ ಮುಗಿದಿದ್ದು 1964ರಲ್ಲಿ. ನೂರಾರು ಹಳ್ಳಿಗಳ ತೋಟ, ಗದ್ದೆ, ಮನೆ ನೀರಿನ ಕೆಳಗೆ ಹೋದವು. ಶರಾವತಿಯಿಂದ 1,035 ಮೆಗಾವ್ಯಾಟ್ ವಿದ್ಯುತ್ ಘಟಕ ನಿಂತಿತು, ನಾಡಿಗೆ ಬೆಳಕು ಬಂತು. ಕರೂರು ಹೋಬಳಿಯವರಿಗೆ ಸಾಗರದ ನೇರ ದಾರಿಯೇ ಕಟ್ ಆಯಿತು. ಆಮೇಲೆ ಅವರಿಗೆ ಗತಿ ಲಾಂಚ್. ಸಂಜೆ ಆದಮೇಲೆ ಲಾಂಚ್ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸೋದಿಲ್ಲ. ರಾತ್ರಿ ಹೆರಿಗೆ ನೋವು, ಎದೆನೋವು ಕಾಣಿಸಿಕೊಂಡರೆ ಕಾಡುದಾರಿಯಲ್ಲಿ ಸುತ್ತುಹಾಕಿ ಆಸ್ಪತ್ರೆ ಸೇರಬೇಕಿತ್ತು.

ಶಂಕುಸ್ಥಾಪನೆಗೇ 54 ವರ್ಷ ಬೇಕಾಯಿತು. ಈ ಅವಧಿಯಲ್ಲಿ ಕಾಂಗ್ರೆಸ್, ಜನತಾ ಪರಿವಾರ, ಬಿಜೆಪಿ ಎಲ್ಲರೂ ರಾಜ್ಯ ಆಳಿದ್ದಾರೆ. ಸೇತುವೆ ನಮ್ಮದು ಅನ್ನುವವರು ಈ ತಡದಲ್ಲೂ ತಮ್ಮ ಪಾಲು ಎಷ್ಟು ಅಂತ ಹೇಳಬೇಕಲ್ಲ? ಆ ಲೆಕ್ಕ ಯಾವ ಫ್ಲೆಕ್ಸ್‌ನಲ್ಲೂ ಇಲ್ಲ.

ಕ್ರೆಡಿಟ್ ಕೇಳೋರಿಲ್ಲದ ಕೆಲಸ

ಮುಳುಗಡೆ ಸಂತ್ರಸ್ತರಲ್ಲಿ ಅನೇಕರಿಗೆ ಕೊಟ್ಟ ಬದಲಿ ಜಾಗ ದಾಖಲೆಯಲ್ಲಿ ಅರಣ್ಯವಾಗೇ ಉಳಿದಿದೆ. ರಾಜ್ಯ ಸರ್ಕಾರ ಅದನ್ನ ಡಿನೋಟಿಫೈ ಮಾಡಿತ್ತು. ಕೇಂದ್ರದ ಅನುಮತಿ ಪಡೆದಿಲ್ಲ ಅನ್ನೋ ಕಾರಣಕ್ಕೆ 2021ರಲ್ಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಇಲ್ಲೂ ಬೇಕಿರೋದು ಅದೇ ರಾಜ್ಯ, ಅದೇ ಕೇಂದ್ರ. ಆದರೆ ಈ ವಿಷಯದಲ್ಲಿ ‘ನಾವು ಮಾಡಿದ್ದು’ ಅನ್ನೋ ಪೈಪೋಟಿ ಇಲ್ಲ. ‘ಅವರು ಮಾಡಲಿಲ್ಲ’ ಅನ್ನೋದಷ್ಟೇ ಇದೆ.

ಹಸಿರುಮಕ್ಕಿ ಸೇತುವೆಯದ್ದೂ ಇಂಥದ್ದೇ ಕಥೆ. ಅದು ರಾಜ್ಯ ಸರ್ಕಾರದ ಕೆಲಸ. ಸಿಗಂದೂರು ಸೇತುವೆ ಉದ್ಘಾಟನೆ ಆದ ದಿನ ಅದಿನ್ನೂ ಮುಗಿದಿರಲಿಲ್ಲ. ಅದರ ಟೇಪು ಕತ್ತರಿಸುವ ದಿನ ವೇದಿಕೆ ಮೇಲೆ ಯಾರ‍್ಯಾರು ಇರ್ತಾರೋ, ಅವರಿಗೆಲ್ಲ ಹಿನ್ನೀರಿನ ಜನ ಈ ಐದು ಪ್ರಶ್ನೆ ಕೇಳಬಹುದು. ಜೊತೆಗೆ ಆರನೆಯದು: ಇಷ್ಟು ದಿನ ಯಾಕೆ ಬೇಕಾಯ್ತು?